ದೆವ್ವದ ಹುಡುಗ, ಬನ್ನೂರಿನ ಗಂಡು

ಹೋದ ವಾರ ನನ್ನ ಮೊಮ್ಮಗಳು ಸಹನಾ ಒಬ್ಬ ಹುಡುಗನಿಗಾಗಿ ಗಳಗಳ ಅತ್ತಳು. ಹುಡುಗ ಒಳ್ಳೆಯವನೇ. ಬಣ್ಣ ಇದೆ, ಎತ್ತರ ಇದೆ, ಸಿಗರೇಟು ಸೇದುವುದಿಲ್ಲ. ಒಂದೇ ತೊಂದರೆ. ಅವನು ಸತ್ತು ನೂರು ವರ್ಷವಾಗಿದೆ.

ಗಾಬರಿಯಾಗಬೇಡಿ. ಸಿನಿಮಾ.

ನನ್ನ ಮಗಳು ರತ್ನಳನ್ನು ಕೊಟ್ಟಿರುವುದು ನಂಜನಗೂಡಿಗೆ. ಈ ಸಲ ನಾನು ನರಸೀಪುರದಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದು ಸುಮ್ಮನೆ ಅಲ್ಲ. ಭಾನುವಾರ ಸಹನಾಳನ್ನು ನೋಡಲು ಬನ್ನೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಆ ಸಂಬಂಧ ಹುಡುಕಿದವಳು ನಾನೇ. ಹುಡುಗನ ಹೆಸರು ರವಿ. ಗದ್ದೆ ಇದೆ, ಕಬ್ಬಿದೆ, ಟ್ರ್ಯಾಕ್ಟರ್ ಇದೆ, ಡೈರಿಯಲ್ಲಿ ಕೆಲಸವೂ ಇದೆ. ಇನ್ನೇನು ಬೇಕು? (ಹಲ್ಲು ಸ್ವಲ್ಪ ಮುಂದಿದೆ. ಅದರಿಂದ ಟ್ರ್ಯಾಕ್ಟರ್ ಓಡಿಸಲು ಏನೂ ಅಡ್ಡಿಯಿಲ್ಲ.)

ಸಹನಾ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಳೆ. ಓದು ಮುಗಿಸಿ ಟೀಚರ್ ಆಗಬೇಕೆಂಬುದು ಅವಳ ಆಸೆ. ಸಂಜೆ ಬೀದಿಯ ಮಕ್ಕಳನ್ನೆಲ್ಲ ಜಗುಲಿಯ ಮೇಲೆ ಕೂರಿಸಿಕೊಂಡು ಈಗಲೇ ಗದರುತ್ತಾಳೆ. ಈಗ ಮದುವೆ ಬೇಡ ಎಂದು ಬಾಯಿಬಿಟ್ಟು ಹೇಳಿಯೂ ಇದ್ದಳು. ಅವಳಪ್ಪ ಮಾದೇವ, "ಮದ್ವೆ ಆದ್ಮೇಲೆ ಓದ್ಲಿ, ಯಾರ್ ಬ್ಯಾಡ ಅಂದೋರು?" ಎಂದು ಮಾತು ಮುಗಿಸಿದ್ದ.

ಮದುವೆಯಾದ ಮೇಲೆ ಓದಿದವರನ್ನು ನಾನಂತೂ ಕಂಡಿಲ್ಲ. ಆದರೂ ಸುಮ್ಮನಿದ್ದೆ. ಒಳ್ಳೆ ಸಂಬಂಧ ಕೈತಪ್ಪಿದರೆ?

ಶನಿವಾರ ಮಧ್ಯಾಹ್ನ ಸಹನಾ ಟೀವಿ ಮುಂದೆ ಕೂತಿದ್ದಳು. ಯಾವುದೋ ದೇಶದ ಸಿನಿಮಾ. ಮಾತು ಮಾತ್ರ ಕನ್ನಡಕ್ಕೆ ಡಬ್ ಮಾಡಿದ್ದರು. ಮೊದಲು ಅದು ದಪ್ಪನೆಯ ಕಾದಂಬರಿಯಂತೆ, ಇವಳ ವಯಸ್ಸಿನವರಿಗೆಂದೇ ಬರೆದದ್ದಂತೆ. ಇವಳು ಗೆಳತಿಯಿಂದ ಇಸಿದುಕೊಂಡು, ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಓದಿದ್ದಾಳೆ. ನಾನೂ ಅವರೆಕಾಯಿ ಮೊರ ಹಿಡಿದು ಪಕ್ಕದಲ್ಲಿ ಕೂತೆ.

ಕತೆ ಇಷ್ಟೆ. ಒಂದೂರು, ಊರ ಪಕ್ಕ ಒಂದು ಕೆರೆ. ಹೈಸ್ಕೂಲಿಗೆ ಹೊಸದಾಗಿ ಬಂದ ಹುಡುಗಿ. ಅವಳ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ. ಮಾತಿಲ್ಲ, ನಗುವಿಲ್ಲ, ಸುಮ್ಮನೆ ದಿಟ್ಟಿಸುತ್ತಾನೆ. ನೂರು ವರ್ಷದ ಹಿಂದೆ ಅದೇ ಕೆರೆಯಲ್ಲಿ ಮುಳುಗಿ ಸತ್ತವನು. ಅವನು ಎಲ್ಲಿ ನಿಂತರೂ ಮೈಯಿಂದ ನೀರು ತೊಟ್ಟಿಕ್ಕುತ್ತದೆ. ಕರೆಯದೆ ಯಾರ ಮನೆಯ ಹೊಸಿಲನ್ನೂ ದಾಟುವಂತಿಲ್ಲ. ಹುಡುಗಿಗೆ ಇವನ ಮೇಲೆ ಲವ್ವು.

ಗಂಡು ಎಂದ ಮೇಲೆ ವಿಚಾರಿಸಬೇಕಲ್ಲ. ಮನೆ? ಕೆರೆ. ಕೆಲಸ? ಇಲ್ಲ. ಅತ್ತೆ? ಅವಳೂ ಇಲ್ಲ. ಅದೊಂದು ಪ್ಲಸ್ ಪಾಯಿಂಟ್.

"ಅಲ್ಲ ಕಣಮ್ಮಿ, ನೂರ್ ವರ್ಸದಿಂದ ಅದೇ ಸರ್ಟ್ ಆಕಂಡವ್ನಲ್ಲ, ಮೇಷ್ಟ್ರು ಏನೂ ಕೇಳಾಕಿಲ್ವಾ?" ಎಂದೆ.

"ಅಜ್ಜಿ, ಸುಮ್ನೆ ನೋಡು."

"ಇಷ್ಟ್ ವರ್ಸ ಇಸ್ಕೂಲಲ್ಲೇ ಕುಂತವ್ನೆ, ಇನ್ನೂ ಪಾಸಾಗಿಲ್ವಾ?"

"ಅಜ್ಜೀ!"

"ಓಗ್ಲಿ, ಆ ನೀರ್ ಒರ್ಸೋರು ಯಾರು?"

ಅಷ್ಟರಲ್ಲಿ ಟೀವಿಯಲ್ಲಿ ಆ ಹುಡುಗಿ ಮಂಡಿಯೂರಿ ಕೂತು, ಯಾರಿಗೂ ಗೊತ್ತಾಗದ ಹಾಗೆ ತನ್ನ ಸ್ವೆಟರಿನಿಂದ ನೆಲ ಒರೆಸಿದಳು. ಹಿಂದೆ ಪಿಟೀಲು. ಸಹನಾಳ ಕಣ್ಣಲ್ಲಿ ನೀರು.

"ನೋಡ್ದಾ? ಮದ್ವೆಗ್ ಮುಂಚೇನೇ ನೆಲ ಒರ್ಸಾಕ್ ಅಚ್ಬುಟ್ಟ!" ಎಂದೆ. ಸಹನಾ ರಿಮೋಟು ಎತ್ತಿ ವಾಲ್ಯೂಮ್ ಜಾಸ್ತಿ ಮಾಡಿದಳು.

ಕೊನೆಗೆ ಹುಣ್ಣಿಮೆ ಬಂತು. ಹುಡುಗ ಕೆರೆಯೊಳಗೆ ನಿಂತು ಕೈ ಚಾಚಿದ. ಬಾ, ನೀನೂ ನನ್ನ ಹಾಗೇ ಆಗುತ್ತೀಯ, ನಮಗೆ ಯಾವತ್ತೂ ವಯಸ್ಸಾಗುವುದಿಲ್ಲ ಎಂದ. ಹುಡುಗಿ ದಡದಲ್ಲಿ ನಿಂತಿದ್ದಾಳೆ. ಹೆಗಲಲ್ಲಿ ಸ್ಕೂಲ್ ಬ್ಯಾಗು. ಒಂದು ಕಾಲು ನೀರಿಗಿಟ್ಟೇಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಕಪಿಲೆಯಲ್ಲಿ, ಕಾವೇರಿಯಲ್ಲಿ ಮುಳುಗಿದವರನ್ನು ದಡಕ್ಕೆ ತಂದು ಮಲಗಿಸಿದ್ದನ್ನು ಕಂಡವಳು ನಾನು. ಅದರಲ್ಲಿ ಪಿಟೀಲು ಇರುವುದಿಲ್ಲ.

"ನಿಂಗೇನ್ಲಾ ಅವಸ್ರ? ಸತ್ತೋನ್ಗೆ ವಯಸ್ಸಾದದಾ? ಅವ್ಳು ಓದ್ಲಿ, ಉಣ್ಲಿ, ನಾಕ್ ಊರ್ ನೋಡ್ಲಿ, ಆಮ್ಯಾಕ್ ಬತ್ತಾಳೆ. ಕೆರೆ ಎಲ್ಗೂ ಓಗಾಕಿಲ್ಲ!" ಎಂದು ಟೀವಿಗೆ ಕೂಗಿದೆ. ಮೊರದಲ್ಲಿದ್ದ ಕಾಳು ಚೆಲ್ಲಾಪಿಲ್ಲಿಯಾಯಿತು.

ನನ್ನ ಮಾತು ಕೇಳಿಸಿತೋ ಏನೋ, ಹುಡುಗಿ ಕಾಲು ಹಿಂದಕ್ಕೆ ತೆಗೆದಳು. ಇವತ್ತಲ್ಲ ಎಂದಳು. ಕಾಯುತ್ತೇನೆ ಎಂದ ಹುಡುಗ. ಕಾದೂ ಕಾದ. ಕಡೆಯ ಸೀನಿನಲ್ಲಿ ತಲೆ ನರೆತ ಮುದುಕಿಯೊಬ್ಬಳು ಕೋಲೂರಿಕೊಂಡು ಕೆರೆಯ ಹತ್ತಿರ ಬರುತ್ತಾಳೆ. ಇವನು ಅದೇ ಶರ್ಟಿನಲ್ಲಿ ನಿಂತಿದ್ದಾನೆ.

ಸಹನಾ ದಿಂಬು ಎಸೆದಳು. "ಬುಕ್ಕಲ್ಲಿ ಹಿಂಗಿಲ್ಲ ಅಜ್ಜಿ! ಬುಕ್ಕಲ್ಲಿ ಅವಳು ಅವನ್ ಜೊತೆ ಹೋಗ್ತಾಳೆ. ಎಲ್ಲಾ ಹಾಳ್ ಮಾಡಿದಾರೆ!"

"ಬುಕ್ ಬರ್ದೋನ್ಗಿಂತ ಸಿನ್ಮಾ ತೆಗ್ದೋನ್ಗೆ ಬುದ್ಧಿ ಜಾಸ್ತಿ."

"ಬುಕ್ ಬರ್ದಿರೋದು ಹೆಂಗಸು."

"ಆದ್ರೂವೆ."

ಆಮೇಲೆ ಕೇಳಿದೆ. "ಅವ್ಳು ಎಲ್ಲಾ ಬುಟ್ಟು ನೀರಿಗ್ ಬೀಳ್ಬೇಕಿತ್ತು ಅಂತ ಅಳ್ತೀಯ. ನೀನು ಮಾತ್ರ ಮದ್ವೆ ಬ್ಯಾಡ, ಓದ್ಬೇಕು ಅಂತೀಯ. ಇದೆಂಗಮ್ಮಿ?"

"ಅದು ಕತೆ ಅಜ್ಜಿ. ಇದು ನನ್ ಲೈಫು." ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಸತ್ತೋನಿಗೇನು ಅವಸರ ಅಂತ ಟೀವಿ ಮುಂದೆ ಕೂಗಿದ್ಯಲ್ಲ. ಬನ್ನೂರೋನಿಗೇನು ಅವಸರ ಅಂತ ಅಪ್ಪನ ಮುಂದೆ ಒಂದ್ಸಲ ಕೂಗು, ನೋಡ್ತೀನಿ."

ನಾನು ವಾದ ಬಿಟ್ಟು ಚೆಲ್ಲಿದ ಕಾಳು ಆಯತೊಡಗಿದೆ. (ಇದು ಅಪರೂಪ. ನೀವೂ ಬಲ್ಲಿರಿ.)

ಸಂಜೆ ಮಾದೇವನನ್ನು, ಬನ್ನೂರಿನವರಿಗೆ ಸದ್ಯಕ್ಕೆ ಬೇಡ ಎನ್ನೋಣವೇ ಎಂದು ಕೇಳಿದೆ. "ನೀವೇ ತಂದ್ ಸಂಬಂದ ಅಲ್ವಾ ಅತ್ತೆ? ಈಗ ಬರ್ಬ್ಯಾಡಿ ಅಂತ ಎಂಗನ್ನನ?" ಎಂದ. ಅವನು ಹೇಳಿದ್ದೂ ಸರಿಯೇ. ಹೊರಟು ನಿಂತವರಿಗೆ ಬರಬೇಡಿ ಎನ್ನುವುದು ಅವಮಾನ. ಬಂದವರನ್ನು ಕೂರಿಸಿ, ಹುಡುಗಿಯನ್ನು ತೋರಿಸಿ, ಆಮೇಲೆ ಇಲ್ಲ ಎನ್ನುವುದು ಇನ್ನೂ ದೊಡ್ಡ ಅವಮಾನ. ಮತ್ತೆ ಏನು ಮಾಡುವುದು?

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ನಾನು ಶಾಲೆಗೆ ಹೋದವಳಲ್ಲ. ಚಿಕ್ಕವಳಿದ್ದಾಗ ಸೋಮನಾಥಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಒಂದು ಸುದ್ದಿ ಎದ್ದಿತು. ದೆವ್ವ ಬಂದು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓ ಎಂದವರು ಮುಗಿದರು ಎಂದು. ಅದಕ್ಕೆ ಮದ್ದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಬರುತ್ತದೆ, ಓದುತ್ತದೆ, ಹೊರಟುಹೋಗುತ್ತದೆ. ಮಾರನೆಯ ದಿನವೂ ಅದೇ. ಅಣ್ಣ ನಮ್ಮ ಬಾಗಿಲಿಗೆ ಬರೆದ. ಅದನ್ನು ನೋಡಿಕೊಂಡು ನಾನು ಇದ್ದಿಲಿನಲ್ಲಿ ಬೀದಿಯ ಅಷ್ಟೂ ಬಾಗಿಲಿಗೆ ಬರೆದೆ. ನನ್ನ ಕೈಗೆ ಬಂದ ಮೊದಲ ಅಕ್ಷರಗಳು ಅವು. ಮಿಕ್ಕವು ಬಂದದ್ದು ತಲೆ ನರೆತ ಮೇಲೆ, ಸಾಕ್ಷರತೆಯ ಕ್ಲಾಸಿನಲ್ಲಿ. (ನನ್ನ ಒತ್ತಕ್ಷರ ಕಂಡು ಪತ್ರಿಕೆಯವರು ಈಗಲೂ ನಿಟ್ಟುಸಿರು ಬಿಡುತ್ತಾರೆ.)

ಭಾನುವಾರ ಬೆಳಿಗ್ಗೆ ರತ್ನ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು. ಮಾದೇವ ಬಾಳೆಹಣ್ಣಿಗೆ ಹೋಗಿದ್ದ. ನಾನು ಸಹನಾಳ ಸೀಮೆಸುಣ್ಣ ತೆಗೆದುಕೊಂಡು ಮುಂಬಾಗಿಲ ಮೇಲೆ ಕುಂಬಳಕಾಯಿ ಗಾತ್ರಕ್ಕೆ ಬರೆದೆ. ನಾಳೆ ಬಾ.

ಮಾದೇವ ಹಣ್ಣು ಹಿಡಿದುಕೊಂಡು ಬಂದವನು ಮೆಟ್ಟಿಲಲ್ಲೇ ನಿಂತ. "ಅತ್ತೆ! ಏನಿದು? ಮಾನ ಕಳಿಬ್ಯಾಡಿ. ಅವ್ರು ಬಂದ್ಬುಡ್ತಾರೆ!"

"ಬರ್ಲಿ. ಅವ್ರಿಗೇ ಬರ್ದಿರಾದು."

ರತ್ನ ಒದ್ದೆ ಬಟ್ಟೆ ಹಿಡಿದು ಓಡಿಬಂದಳು. ಅಷ್ಟರಲ್ಲಿ ಕಾರು ಬಂದೇಬಿಟ್ಟಿತು. ಮೊದಲು ಇಳಿದವಳು ರವಿಯ ತಾಯಿ ಪುಟ್ಟತಾಯಮ್ಮ. ಬಾಗಿಲು ನೋಡಿದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮುಖ ಬಿಗಿಯಿತು.

"ಏನಕ್ಕ ಇದು? ನಮ್ಮುನ್ನ ದೆವ್ವ ಅಂದ್ಕಂಡ್ಯಾ?"

"ದೆವ್ವುಕ್ಕೆ ಯಾರಾರ ಕೇಸ್ರಿಬಾತ್ ಮಾಡಾರಾ? ನೀನು ಒಳಿಕ್ ಬಾರವ್ವ. ನಾಳೆ ಬಾ ಅಂದಿರಾದು ಎಣ್ ಕೇಳಾಕೆ."

"ನಾಳೆ ಅಂದ್ರೆ ಯಾವತ್ತು?"

"ಉಡ್ಗಿ ಓದ್ ಮುಗುದ್ ಮ್ಯಾಕೆ. ಸಂಬಂದ ಸುರು ಮಾಡ್ದೋಳು ನಾನೇ. ಅದ್ಕೇ ತಡ ಮಾಡಿ ಅಂತ ಕೇಳೋಳೂ ನಾನೇ."

ಮಾದೇವ ಬಾಳೆಹಣ್ಣು ನೋಡುತ್ತಿದ್ದ. ಆಗ ಹಿಂದೆ ನಿಂತಿದ್ದ ರವಿ ಚಪ್ಪಲಿ ಬಿಟ್ಟು, ಹೊಸಿಲ ಹೊರಗೇ ನಿಂತು ನಕ್ಕ. ಹಲ್ಲೆಲ್ಲ ಕಂಡವು.

"ಕರೀದೆ ಒಳಕ್ ಬರಂಗಿಲ್ವಾ ಅಜ್ಜಿ? ನಿನ್ನೆ ಟೀವಿಲಿ ಬಂತಲ್ಲ, ಆ ನೀರ್ ತೊಟ್ಟಿಕ್ಕೋ ಹುಡ್ಗ, ಹಂಗೆ?"

"ನೀನೂ ನೋಡ್ದಾ?"

"ನೋಡ್ದೆ. ಎಂಡಿಂಗ್ ಚೆನ್ನಾಗಿತ್ತು."

ಅಡುಗೆಮನೆಯಿಂದ ದನಿ ಬಂತು. "ಬುಕ್ಕಲ್ಲಿ ಹಂಗಿಲ್ಲ!"

ಹೆಣ್ಣು ಗಂಡಿಗೆ ಆಡಿದ ಮೊದಲ ಮಾತು ಇದು. ತಲೆ ತಗ್ಗಿಸಿ ಕಾಫಿ ತರಬೇಕಾದವಳು ಸೌಟು ಹಿಡಿದುಕೊಂಡು ಹೊರಗೇ ಬಂದಳು. ಬುಕ್ಕು ಸರಿಯೋ ಸಿನಿಮಾ ಸರಿಯೋ ಎಂದು ಇಬ್ಬರೂ ಜಗುಲಿಯಲ್ಲಿ ನಿಂತು ವಾದಿಸಿದರು. ಕಾಫಿ ಆರಿತು. ನಾವು ಮಿಕ್ಕವರು ಒಳಗೆ ಕೂತು ಕೇಸರಿಬಾತು ತಿಂದೆವು. ಪುಟ್ಟತಾಯಮ್ಮ ಮೂತಿ ಊದಿಸಿಕೊಂಡೇ ಎರಡನೇ ಸಲ ಹಾಕಿಸಿಕೊಂಡಳು.

"ನಮ್ಗೇನ್ ಬ್ಯಾರೆ ಎಣ್ ಸಿಕ್ಕಾಕಿಲ್ವಾ?" ಎಂದಳು.

"ಸಿಕ್ತದೆ ಕಣವ್ವ, ನೋಡು" ಎಂದೆ. ಸುಳ್ಳು ಹೇಳುವುದೇಕೆ?

ಹೊರಡುವಾಗ ರವಿ ಅವರವ್ವನಿಗೆ "ಕಾಯನ ಬುಡವ್ವ" ಎಂದದ್ದು ನನಗೆ ಕೇಳಿಸಿತು. ಕಾಯುತ್ತಾನೋ ಇಲ್ಲವೋ, ಅದು ಅವನ ಪಾಡು. ಸಹನಾಳಿಗೆ ಅವನು ಹಿಡಿಸಿದನೋ ಇಲ್ಲವೋ, ಅದು ಅವಳ ಪಾಡು. ಕೇಳಿದ್ದಕ್ಕೆ, "ಟೇಸ್ಟ್ ಇಲ್ಲ ಅಜ್ಜಿ ಅವನಿಗೆ" ಎಂದಳು. ನಗುತ್ತಾ ಎಂದಳು.

ಸೋಮವಾರ ಸಹನಾ ಬ್ಯಾಗು ಹಾಕಿಕೊಂಡು ಕಾಲೇಜಿಗೆ ಹೋದಳು. ಮಾದೇವ ಒದ್ದೆ ಬಟ್ಟೆ ತೆಗೆದುಕೊಂಡು ಮುಂಬಾಗಿಲಿಗೆ ಹೋದ. ಬಾಗಿಲ ಮೇಲಿನ ಧೂಳು, ಚಿಲಕದ ಜಿಡ್ಡು ಎಲ್ಲ ಒರೆಸಿದ. ಆ ಮೂರು ಅಕ್ಷರದ ಸುತ್ತಲೂ ಒರೆಸಿದ. ಅಕ್ಷರ ಮುಟ್ಟಲಿಲ್ಲ.

ಸತ್ತು ನೂರು ವರ್ಷವಾದವನೇ ಕಾಯುತ್ತಾನಂತೆ. ಉಸಿರಾಡುವ ನಮಗೆ ಏನು ಅಷ್ಟು ಅವಸರ?