ಡೀಸೆಲ್ ಮಿಸ್ತ್ರಿ ವೀರಶೆಟ್ಟಿಯ ಸಿಟ್ಟು

ಭಾಲ್ಕಿಯಲ್ಲಿ ಡೀಸೆಲ್ ಗಾಡಿ ರಿಪೇರಿ ಮಾಡುವ ಮಿಸ್ತ್ರಿ ವೀರಶೆಟ್ಟಿಗೆ ಹೊಸ ಡೀಸೆಲ್ ಕಾರು ಕಂಡರೇ ಸಿಟ್ಟು. ಮನೆಯಿಂದ ಬಜಾರಿಗೆ ಮಾತ್ರ ಓಡಾಡುವವರು ಅದನ್ನು ಕೊಂಡು, ಹೊಗೆ ಫಿಲ್ಟರಿನಲ್ಲಿ ಮಸಿ ಕಟ್ಟಿಸಿಕೊಂಡು ಬಂದರೆ ನಟ್ಟು ತಿರುಗಿಸುವ ಪಾನಾ ನೆಲಕ್ಕೆ ಒಗೆದು ಗುಡುಗುತ್ತಾನೆ: "ದಿನಾ ಅಷ್ಟು ದೂರ ಔರಾದಕ್ಕ ಹೋಗಿ ಬರೋರು ತಗೊಳ್ಳಿ, ನಿಮಗ್ಯಾಕ ಬೇಕ್ರಿ? ಎಂಜಿನ್ ಕಾದರನ ಮಸಿ ಸುಡ್ತದ, ಅದು ಕಾಯೂದ್ರಾಗ ಮನಿ ಬಂದಿರ್ತದ!" ದಿನಕ್ಕೆ ಎಷ್ಟು ಓಡಿಸುತ್ತೀರೆಂದು ಶೋರೂಮಿನವರು ಕೇಳುವುದೇ ಇಲ್ಲವೆಂದು ಚಹಾದಂಗಡಿಯಲ್ಲಿ ಅಪರಿಚಿತರ ಮುಂದೆಯೂ ಕೂಗಾಡುತ್ತಾನೆ. ಮೊನ್ನೆ ಪಕ್ಕದ ಓಣಿಯ ಶಿಕ್ಷಕಿ ಕೇತಕಿ, ಸಣ್ಣ ಎಸ್‌ಯುವಿ ಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಕೇಳಿದಾಗಲೂ ರೇಗಿದ: "ನೀವು ಕಲಿಸೋ ಸಾಲಿ ಇಲ್ಲೇ ಅದ, ಪೆಟ್ರೋಲ್ ತಗೋರಿ ಕೇತಕಿಬಾಯಿ!" "ಸರ್ವಿಸ್ ನೀವೇ ಮಾಡ್ತೀರಲ್ರಿ ಕಾಕಾ?" ಎಂದು ಆಕೆ ನಂಬಿಕೆಯಿಂದ ಕೇಳಿದಳು. ವೀರಶೆಟ್ಟಿ ಸಿಟ್ಟಿನಿಂದಲೇ ಹೇಳಿದ: "ನನಗ ಪೆಟ್ರೋಲ್ ಗಾಡಿ ಕೆಲಸ ಬರಂಗಿಲ್ರಿ. ಹಂಗಂತ ನಿಮ್ಮ ಕೊರಳಿಗಿ ಡೀಸೆಲ್ ಕಟ್ಲೇನು?"