ಮೇಕೆಯ ಬಾಲ, ಎಮ್ಮೆಯ ಬಾಲ

ಹರಿಯುವ ನೀರಿನಲ್ಲಿ ಗಾಳ ಹಾಕುವುದನ್ನು ನನಗೆ ಕಲಿಸಿದವರು ಸ್ವಾರಗೇಟದ ಹತ್ತಿರ ಹೋಟೆಲು ನಡೆಸುತ್ತಿದ್ದ ಮಂಗಳೂರು ಕಡೆಯ ಮಾಲಕರು. ಹೋಟೆಲು ಶುದ್ಧ ಸಸ್ಯಾಹಾರಿ, ಮಾಲಕರು ಅಲ್ಲ. ನಾನು ಧಾರವಾಡದ ಕಡೆಯವನು, ಧನಕವಡಿಯ ಕಾಲೇಜೊಂದರಲ್ಲಿ ಮೇಷ್ಟರು, ಮೀನಿನ ರುಚಿಯೇ ಗೊತ್ತಿಲ್ಲ. ಆದರೂ ತೊಂಬತ್ತರ ದಶಕದ ಕೊನೆಗೆ, ಮಳೆಗಾಲ ಇಳಿಯುವ ಹೊತ್ತಿನಲ್ಲಿ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವರ ಸ್ಕೂಟರಿನ ಹಿಂದೆ ಕೂತು ಊರಾಚೆಯ ಅಣೆಕಟ್ಟಿನ ಕೆಳಗಿನ ಹೊಳೆಗೆ ಹೋಗುತ್ತಿದ್ದೆ. ಆ ಮರಾಠಿ ಊರಿನಲ್ಲಿ ಸಂಜೆಯವರೆಗೆ ಕನ್ನಡ ಮಾತಾಡಬಹುದೆಂಬ ಆಸೆ.

ಅವರ ಗಾಳಕ್ಕೆ ಎರೆಹುಳವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಕೊಕ್ಕೆಯ ತಲೆಗೆ ಸೀಸದ ಗುಂಡು, ಗುಂಡಿನ ಕೊರಳಿಗೆ ಮೇಕೆಯ ಬಾಲದ ಬಿಳಿ ಕೂದಲು, ಕೂದಲಿಗೆ ಜೇಜುರಿಯ ಗುಡಿಯಿಂದ ತಂದ ಪ್ರಸಾದದ ಅರಿಸಿನದ ಬಣ್ಣ. ರಾಡಿ ನೀರಿನಲ್ಲಿ ಮೀನಿಗೆ ಕಾಣುವುದು ಹಳದಿ ಮಾತ್ರ ಎಂಬುದು ಅವರ ಸಿದ್ಧಾಂತ.

"ದೇವರ ಭಂಡಾರಾ ಗಾಳಕ್ಕ ಹಚ್ತೀರಲ್ರೀ, ಮಾಲಕ್ರ!"

"ಹಣೆಗೆ ಹಚ್ಚಿ ಉಳ್ದದ್ದು ಮಾಷ್ಟ್ರೆ. ಮೀನಿಗೂ ಸ್ವಲ್ಪ ಪುಣ್ಯ ಬರ್ಲಿ."

ಹೊಳೆಗೆ ಅಡ್ಡಲಾಗಿ, ತುಸು ಮೇಲ್ಗಡೆಗೆ ಎಸೆಯಬೇಕು. ಗುಂಡು ತಳ ಮುಟ್ಟಿದ ಮೇಲೆ ನೀರೇ ಅದನ್ನು ಒಯ್ಯುತ್ತದೆ. ನಾವು ಕೋಲಿನ ತುದಿಯನ್ನು ಮೆಲ್ಲಗೆ ಎತ್ತುತ್ತ ಇಳಿಸುತ್ತ ಇರಬೇಕು, ದಾರ ಸಡಿಲಬಾರದು. ಮೀನು ಬಾಯಿ ಹಾಕುವುದು ಹೆಚ್ಚಾಗಿ ಗುಂಡು ಇಳಿಯುವಾಗ. ತಳದ ಕಲ್ಲಿಗೆ ಗುಂಡು ತಾಗುವ ಟಕ್ ಟಕ್ ಬೆರಳಿಗೆ ತಿಳಿಯುತ್ತದೆ. ಟಕ್ ನಿಂತರೆ ನೀರಿನ ಸೆಳೆತಕ್ಕೆ ಗುಂಡು ಹಗುರಾಯಿತು, ಭಾರದ್ದು ಕಟ್ಟು. ಈ ಕೊನೆಯ ಪಾಠವೇ ಅವರನ್ನು ಮುಳುಗಿಸುವುದರಲ್ಲಿತ್ತು.

ಅಂದು ಅವರು ಮೊಣಕಾಲುದ್ದದ ನೀರು ದಾಟಿ ನಡುಹೊಳೆಯ ಬಂಡೆಯ ಮೇಲೆ ನಿಂತಿದ್ದರು. ನಾನು ದಡದಲ್ಲಿ. ಸ್ವಲ್ಪ ಆಚೆ ಒಬ್ಬ ಹೆಂಗಸು ಎಮ್ಮೆಗಳ ಮೈ ತೊಳೆಯುತ್ತಿದ್ದಳು.

"ಟಕ್ ಸಿಗ್ತಾ ಇಲ್ಲ ಮಾಷ್ಟ್ರೆ," ಎಂದು ಭಾರದ ಗುಂಡು ಕಟ್ಟಿದರು. ತುಸು ಹೊತ್ತಿಗೆ ಅದೂ ತಳ ಮುಟ್ಟಲಿಲ್ಲ. ಇನ್ನೂ ಭಾರದ್ದು ಕಟ್ಟಿದರು. "ಇವತ್ತು ಈ ಹೊಳೆಗೆ ಎಂಥ ಆಗಿದೆ ಮಾರಾಯ್ರೆ?"

"ಇದಕಿಂತಾ ದೊಡ್ಡದು ಅದ ಏನ್ರಿ?" ಎಂದೆ ನಾನೂ.

ಆಗ ಬಂಡೆಯಂಚಿನಲ್ಲಿ ಅವರು ಬಿಟ್ಟಿದ್ದ ಚಪ್ಪಲಿ ನನ್ನ ಮುಂದೆಯೇ ತೇಲಿ ಹೋಯಿತು. ನಾನು ನಕ್ಕೆ. ನಗು ಮುಗಿಯುವ ಮೊದಲೇ ತಿಳಿಯಿತು: ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ನಮ್ಮ ನಡುವಿನ ನೀರು ಎದೆಯುದ್ದಕ್ಕೆ ಏರಿ ಕೆಂಪಾಗಿತ್ತು.

"ಈಜಿ ಬರ್ರಿ!"

"ಈಜು ಬರುದಿಲ್ಲ!"

"ಸಮುದ್ರದ ಊರಿನವ್ರಲ್ರೀ ನೀವು!"

"ನಮ್ಮಲ್ಲಿ ದೋಣಿ ಉಂಟು!"

ಹೆಂಗಸು ಎಮ್ಮೆಗಳನ್ನು ದಡಕ್ಕೆ ಕೂಗುತ್ತಿದ್ದಳು. ಆಚೆ ದಡದಲ್ಲಿ ಉಳಿದಿದ್ದ ಒಂದು, ಈಜುತ್ತ ಬಂಡೆಯ ಪಕ್ಕಕ್ಕೇ ಬಂತು. "ಶೇಪೂಟ ಧರಾ!" ಎಂದು ಚೀರಿದಳು. ಬಾಲ ಹಿಡಿ, ಎಂದು.

"ಕೋಲು ಬಿಡ್ರೀ! ಬಾಲ ಹಿಡೀರಿ!" ನಾನೂ ಕಿರುಚಿದೆ.

"ಮಸ್ಕತ್ತಿನ ಕೋಲು ಮಾರಾಯ್ರೆ!" ಎಂದರು. ಅದನ್ನು ಅಲ್ಲಿಂದ ತಂದುಕೊಟ್ಟವನು ಅವರ ಭಾವ. ಆದರೂ ಬಿಟ್ಟರು, ಎರಡೂ ಕೈಯಲ್ಲಿ ಬಾಲ ಹಿಡಿದರು.

ನಡುವೆ ಒಂದು ಗಳಿಗೆ ಅವರ ತಲೆ ಕಾಣಲಿಲ್ಲ. ಎಮ್ಮೆಯ ಬೆನ್ನು, ಅದರ ಹಿಂದೆ ಬರೀ ಕೆಂಪು ನೀರು. ಇಂದಿಗೂ ಬಚ್ಚಲಲ್ಲಿ ಬಕೆಟ್ ತುಂಬಿ ಹರಿದರೆ ಸಾಕು, ಆ ಗಳಿಗೆ ಮತ್ತೆ ಬರುತ್ತದೆ. ಪ್ರತಿ ಸಲವೂ ತಲೆ ಮೇಲೆ ಬರುವವರೆಗೆ ಕಾಯುತ್ತೇನೆ, ಆಮೇಲೆಯೇ ನಲ್ಲಿ ನಿಲ್ಲಿಸುತ್ತೇನೆ.

ತಲೆ ಬಂತು. ಎಮ್ಮೆ ಅವರನ್ನು ಕೆಸರಿನಲ್ಲಿ ಎಳೆದು ತಂದು, ಬಾಲ ಕೊಡವಿ, ಹುಲ್ಲಿಗೆ ಬಾಯಿ ಹಾಕಿತು.

"ಮಾಸಾ ಗಾವಲಾ ಕಾ?" ಮೀನು ಸಿಕ್ಕಿತೇ ಎಂದು ಹೆಂಗಸು ಸೊಂಟಕ್ಕೆ ಕೈಯಿಟ್ಟು ಕೇಳಿದಳು.

ಮಾಲಕರು ನೀರು ಕಾರಿ, ಉಸಿರೆಳೆದುಕೊಂಡು, ಮರಾಠಿಯಲ್ಲೇ ಹೇಳಿದರು: "ಮ್ಹೈಸ ಗಾವಲೀ." ಎಮ್ಮೆ ಸಿಕ್ಕಿತು.

ಅವರ ಮುಷ್ಟಿಯಲ್ಲಿ ಕಪ್ಪು ಕೂದಲು ಉಳಿದಿತ್ತು. ಅದನ್ನೂ ಸೀಸದ ಗುಂಡಿಗೆ ಕಟ್ಟಿದರು. ಅರಿಸಿನ ಹಿಡಿಯಲಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಮೊಳೆಗೆ ತೂಗುಹಾಕಿದರು.

ಮುಂದಿನ ಮಳೆಗಾಲ ಇಳಿದಾಗ ಮತ್ತೆ ಹೋದೆವು. ಕೋಲು ಬಿದಿರಿನದು, ನಿಲ್ಲುವುದು ದಡದಲ್ಲಿ. ಟಕ್ ನಿಂತರೆ ಮಾಲಕರು ಆಮೇಲೆ ಸೀಸದ ಡಬ್ಬಿಗೆ ಕೈಹಾಕುತ್ತಿರಲಿಲ್ಲ, ಚಪ್ಪಲಿ ಮೆಟ್ಟುತ್ತಿದ್ದರು. ಅಷ್ಟರೊಳಗೆ ನಾನು ಸ್ಕೂಟರಿನ ಹತ್ತಿರ ಇರುತ್ತಿದ್ದೆ.