ವಾರ್ನಿಷ್ ಬಳಿದ ರಾಗಿಕಲ್ಲು

ಮೊನ್ನೆ ಕುವೆಂಪುನಗರದಲ್ಲಿ ನಮ್ಮ ಹಳ್ಳಿ ನುಡಿ, ಬೀಸುವ ಪದಗಳನ್ನು ಉಳಿಸುವವರ ಸಮಾರಂಭವಿತ್ತು. ವೇದಿಕೆಯ ಮೇಲೆ ಚೆಂಡುಹೂ ಮುಡಿಸಿದ ರಾಗಿಕಲ್ಲು. ಅದಕ್ಕೆ ಬಳಿದಿದ್ದ ವಾರ್ನಿಷ್ ವಾಸನೆ ಹಿಂದಿನ ಸಾಲಿನವರೆಗೂ ಹೊಡೆಯುತ್ತಿತ್ತು. ಕಲ್ಲಿಗೆ ವಾರ್ನಿಷ್ ಬಳಿಯುವ ಜನ ಪದ ಉಳಿಸುತ್ತಾರಂತೆ!

ನಮ್ಮಜ್ಜಿಯ ಕಲ್ಲು ಘಮ್ಮನ್ನುತ್ತಿದ್ದದ್ದು ಆಗತಾನೆ ಬೀಸಿದ ಬಿಸಿ ಹಿಟ್ಟಿನಿಂದ. ಅದನ್ನು ತನ್ನ ಹಳ್ಳಿ ಹಿನಕಲ್‌ನಿಂದ ಎತ್ತಿನ ಗಾಡಿಯಲ್ಲಿ ತಂದು ನಮ್ಮ ವಠಾರದ ಮನೆಯ ಮೂಲೆಯಲ್ಲಿ ಹಾಕಿಕೊಂಡಿದ್ದಳು. ಒಂದು ಕಾಲು ಚಾಚಿ ಕೂತು, ಮೊದಲ ಹಿಡಿ ರಾಗಿ ಸುರಿಯುತ್ತಲೇ ಪದ ಎತ್ತುವಳು. ಬೆಟ್ಟದ ತಾಯಿಯಿಂದ ಶುರುವಾದ ಪದದೊಳಗೆ ನನ್ನ ಹೆಸರೂ ನಾನು ಕದ್ದ ಬೆಲ್ಲವೂ ಬಂದುಬಿಡುತ್ತಿದ್ದವು.

ಅಜ್ಜಿಯ ಕಿರಿಮಗಳಾದ, ನಮ್ಮ ಜೊತೆಗಿದ್ದು ಹೈಸ್ಕೂಲು ಓದುತ್ತಿದ್ದ ನನ್ನ ಚಿಕ್ಕಮ್ಮನಿಗೆ ಇದು ಅವಮಾನ. ಹಾರ್ಮೋನಿಯಂ ಕಲಿಯುತ್ತಿದ್ದಳಲ್ಲ!

"ಸಾಕು ನಿಲ್ಸವ್ವ ಆ ಹಳ್ಳಿ ಪದ! ಅಕ್ಕಪಕ್ಕದವರು ನಗ್ತಾರೆ."

"ಅಂಗೇ ಆಗ್ಲಿ ಕಣವ್ವ" ಎಂದು ಅಜ್ಜಿ ಅಂದರೆ, "ಅಂಗೆ ಅಲ್ಲ, ಹಾಗೆ" ಎಂದು ಅದನ್ನೂ ತಿದ್ದುವಳು. ಕೊನೆಗೆ ಅಜ್ಜಿ ಬಾಯಿ ಮುಚ್ಚಿಕೊಂಡೇ ಬೀಸತೊಡಗಿದಳು. ಕಲ್ಲು ಮಾತ್ರ ಗುರುಗುಟ್ಟುತ್ತಿತ್ತು.

ಮೊನ್ನೆ ಜಾನಪದ ಸಂರಕ್ಷಕಿ ಎಂದು ಶಾಲು ಹೊದಿಸಿಕೊಂಡದ್ದು ಇದೇ ಚಿಕ್ಕಮ್ಮ. ಭಾಷಣದ ತುಂಬ ಅಂಗೆ, ಇಂಗೆ! ವೇದಿಕೆಯಿಂದ ಇಳಿದವಳೇ ಮೊಬೈಲನ್ನು ನನ್ನ ಬಾಯಿಗೆ ಹಿಡಿದಳು.

"ಅವ್ವನ ಪದ ನಿಂಗೆ ಗ್ಯಾಪಕ ಅದೇನೋ? ಒಂದೆರಡು ಸಾಲು ಹಾಡ್ಬುಡು, ರೆಕಾರ್ಡ್ ಮಾಡ್ಕತೀನಿ."

ಪೂರ್ತಿ ಪದವೇ ನೆನಪಿತ್ತು.

"ಬೇಡ ಚಿಕ್ಕಮ್ಮ" ಎಂದೆ, "ಅಕ್ಕಪಕ್ಕದವರು ನಗ್ತಾರೆ."